ಬನಿ ಲೇಕ್ ನಿಜಕ್ಕೂ ಇದ್ದಾಳಾ?

ಓದುಗರ ಪತ್ರ: “ಹಳೆಯ ಥ್ರಿಲ್ಲರ್‌ಗಳ ಬಗ್ಗೆ ಬರೆದಾಗಲೆಲ್ಲ ಅವೇ ನಾಲ್ಕೈದು ಹೆಸರು ಬರುತ್ತವೆ. ಈಚೆಗೆ ‘ಬನಿ ಲೇಕ್ ಈಸ್ ಮಿಸ್ಸಿಂಗ್’ ನೋಡಿದೆ. ಮೊದಲ ಒಂದು ಗಂಟೆ ಕೂತಲ್ಲಿಂದ ಅಲ್ಲಾಡಲಿಲ್ಲ. ಕೊನೆಯಲ್ಲಿ ಎಲ್ಲಾ ಕೆಡಿಸಿಬಿಟ್ಟರು ಅನ್ನಿಸಿತು. ಲಾರೆನ್ಸ್ ಒಲಿವಿಯರ್‌ನಂಥ ನಟನಿಗೆ ಮಾಡೋಕೆ ಕೆಲಸವೇ ಇಲ್ಲ. ಜನ ಈ ಚಿತ್ರವನ್ನು ಮರೆತದ್ದು ಅದಕ್ಕೇನಾ? ಗುಟ್ಟು ಗೊತ್ತಾದ ಮೇಲೆ ಇನ್ನೊಮ್ಮೆ ನೋಡುವುದಕ್ಕೆ ಇದರಲ್ಲಿ ಏನಿದೆ?”

ಸಂಪಾದಕರ ಉತ್ತರ:

ಈ ಚಿತ್ರದ ಹೆಸರೆತ್ತಿದ್ದಕ್ಕೆ ಮೊದಲು ಥ್ಯಾಂಕ್ಸ್. ಇದರ ಬಗ್ಗೆ ಯಾರಾದರೂ ಕೇಳಲಿ ಅಂತ ಕಾಯುತ್ತಲೇ ಇದ್ದೆ. ನಿಮ್ಮ ದೂರುಗಳಲ್ಲಿ ಒಂದನ್ನು ಅರ್ಧ ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ. ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಕೋಪ ಮಾಡಿಕೊಳ್ಳಬೇಡಿ.

ಚಿತ್ರ ನೋಡದವರಿಗಾಗಿ ಕಥೆ ಇಷ್ಟು. ಆನ್ ಲೇಕ್ ಅನ್ನುವ ಅಮೆರಿಕನ್ ಹುಡುಗಿ ಲಂಡನ್ನಿಗೆ ಬಂದು ಇನ್ನೂ ಕೆಲವೇ ದಿನ ಆಗಿದೆ. ಮಗಳು ಬನಿಗೆ ಶಾಲೆಯ ಮೊದಲ ದಿನ. ಮಗಳನ್ನು ಬಿಡುವಾಗ ಟೀಚರ್ ಯಾರೂ ಕೈಗೆ ಸಿಗುವುದಿಲ್ಲ. ಅಡುಗೆಯವಳಿಗೆ ಒಂದು ಮಾತು ಹೇಳಿ, ಮಗುವನ್ನು ಹೊಸ ಮಕ್ಕಳ ಕೋಣೆಯಲ್ಲಿ ಬಿಟ್ಟು, ಮನೆಗೆ ಸಾಮಾನು ಬರುವ ಹೊತ್ತಾಯಿತು ಅಂತ ಓಡುತ್ತಾಳೆ. ಮಧ್ಯಾಹ್ನ ಬಂದು ನೋಡಿದರೆ ಮಗು ಇಲ್ಲ. ಮಗು ಇಲ್ಲ ಅನ್ನುವುದಷ್ಟೇ ಅಲ್ಲ, ಅಂಥ ಮಗುವನ್ನು ಕಂಡವರೇ ಇಲ್ಲ. ಅಡುಗೆಯವಳು ಬೆಳಿಗ್ಗೆಯೇ ಜಗಳ ಮಾಡಿಕೊಂಡು ಕೆಲಸ ಬಿಟ್ಟು ಹೋಗಿದ್ದಾಳೆ. ಮನೆಗೆ ಹೋಗಿ ನೋಡಿದರೆ ಮಗುವಿನ ಬಟ್ಟೆ, ಆಟದ ಸಾಮಾನು ಯಾವುದೂ ಇಲ್ಲ. ಆನ್‌ಗೆ ಆಸರೆಯಾಗಿ ನಿಂತವನು ಅವಳ ಜೊತೆ ಒಂದೇ ಮನೆಯಲ್ಲಿರುವ ಸ್ಟೀವನ್ ಒಬ್ಬನೇ. ಪೊಲೀಸ್ ಸೂಪರಿಂಟೆಂಡೆಂಟ್ ನ್ಯೂಹೌಸ್ ಮೊದಲು ಮಗುವನ್ನು ಹುಡುಕಲು ಶುರುಮಾಡಿ, ನಿಧಾನಕ್ಕೆ ಇನ್ನೊಂದು ಪ್ರಶ್ನೆಗೆ ಬಂದು ನಿಲ್ಲುತ್ತಾನೆ: ಇವಳಿಗೆ ಮಗು ಅಂತ ಒಂದು ಇದೆಯಾ?

ಈಗ ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ನೀವು ಗಮನಿಸಿದಿರೋ ಇಲ್ಲವೋ, ಶಾಲೆಯಲ್ಲಿ ಆನ್ ಮಗುವನ್ನು ಬಿಡುವುದನ್ನು ನಾವು ನೋಡುವುದೇ ಇಲ್ಲ. ಆಕೆ ಅಲ್ಲಿಂದ ಹೊರಡುವ ಹೊತ್ತಿಗೆ ನಾವು ಒಳಗೆ ಬರುತ್ತೇವೆ. ಆಗ ನಮಗೆ ಅದು ದೊಡ್ಡ ವಿಷಯ ಅಂತ ಅನ್ನಿಸುವುದೂ ಇಲ್ಲ. ಒಬ್ಬ ತಾಯಿ ಮಗುವನ್ನು ಶಾಲೆಗೆ ಬಿಟ್ಟೆ ಅಂದರೆ ಬಿಟ್ಟಿದ್ದಾಳೆ, ಅದಕ್ಕೆ ಸಾಕ್ಷಿ ಯಾರು ಕೇಳುತ್ತಾರೆ? ಅರ್ಧ ಗಂಟೆ ಕಳೆದ ಮೇಲೆ ನ್ಯೂಹೌಸ್ ಅದೇ ಸಾಕ್ಷಿ ಕೇಳಿದಾಗ ನಾವೂ ನೆನಪು ಕೆದಕುತ್ತೇವೆ, ಹೌದಲ್ಲ, ನಾನೂ ಮಗುವನ್ನು ನೋಡಲಿಲ್ಲವಲ್ಲ ಅಂತ. ಅಲ್ಲಿಂದ ಮುಂದೆ ಆನ್ ಅತ್ತರೂ ಅನುಮಾನ, ಕಿರುಚಿದರೂ ಅನುಮಾನ, ಸುಮ್ನೆ ಕೂತರೆ ಇನ್ನೂ ಜಾಸ್ತಿ ಅನುಮಾನ. ತೆರೆಯ ಮೇಲಿನ ಪೊಲೀಸರ ಜೊತೆ ನಾವೂ ಸೇರಿಕೊಂಡು ಒಬ್ಬ ತಾಯಿಯನ್ನು ನಂಬದೆ ಇರುತ್ತೇವೆ. ಹೀಗೆ ನೋಡುವವರ ಮನಸ್ಸಿನೊಳಗೇ ಕೈ ಹಾಕುವ ಥ್ರಿಲ್ಲರ್‌ಗಳು ಬಹಳ ಕಡಿಮೆ.

ಇದು ನಿರ್ದೇಶಕ ಆಟೋ ಪ್ರೆಮಿಂಜರ್ ತಿಳಿದೇ ಮಾಡಿದ್ದು ಅಂತ ನನ್ನ ನಂಬಿಕೆ. ಆತ ವಿಯೆನ್ನಾದಲ್ಲಿ ಕಾನೂನು ಓದಿದವನು, ತಂದೆ ಸರ್ಕಾರಿ ವಕೀಲರು. 1959ರ ‘ಅನಾಟಮಿ ಆಫ್ ಎ ಮರ್ಡರ್’ನಲ್ಲಿ ಇಡೀ ಕೋರ್ಟು ಕೇಸನ್ನು ತೋರಿಸಿ, ತೀರ್ಪನ್ನೂ ಕೊಡಿಸಿ, ಆರೋಪಿ ಎಂಥವನು ಅನ್ನುವುದನ್ನು ಮಾತ್ರ ನಮಗೇ ಬಿಟ್ಟ. ಇಲ್ಲಿಯೂ ಅದೇ ಸ್ವಭಾವ. ಶಾಟ್‌ಗಳು ಉದ್ದ. ಡೆನಿಸ್ ಕೂಪ್ ಅವರ ಕ್ಯಾಮೆರಾ ಆನ್ ಹಿಂದೆಯೇ ಮೆಟ್ಟಿಲು ಹತ್ತುತ್ತದೆ, ಕೋಣೆಯಿಂದ ಕೋಣೆಗೆ ಹೋಗುತ್ತದೆ. ಅಗಲವಾದ ಕಪ್ಪು ಬಿಳುಪು ಪರದೆಯ ತುಂಬಾ ಜನ ನಿಂತಿರುತ್ತಾರೆ, ಯಾರನ್ನು ನೋಡಬೇಕು ಅಂತ ಕ್ಯಾಮೆರಾ ಬೆರಳು ತೋರಿಸುವುದಿಲ್ಲ. ಬೇರೆ ನಿರ್ದೇಶಕರಾಗಿದ್ದರೆ ಕಳ್ಳನ ಕಣ್ಣಿಗೆ ಒಂದು ಕ್ಲೋಸಪ್ ಕೊಟ್ಟು, ಹಿನ್ನೆಲೆಯಲ್ಲಿ ಒಂದು ಪಿಟೀಲು ಎಳೆದು ಸುಳಿವು ಬಿಡುತ್ತಿದ್ದರು. ಪ್ರೆಮಿಂಜರ್ ಎಲ್ಲರನ್ನೂ ಒಂದೇ ದೂರದಲ್ಲಿಟ್ಟು ತೋರಿಸುತ್ತಾನೆ. ಹಾಗಾಗಿ ಎಲ್ಲರ ಮೇಲೂ ಅನುಮಾನ ಬರುತ್ತದೆ.

ಆನ್ ಮತ್ತು ಸ್ಟೀವನ್ ಸಂಬಂಧವನ್ನೇ ನೋಡಿ. ಇಬ್ಬರ ಹೆಸರಿನಲ್ಲೂ ಲೇಕ್ ಇದೆ, ಒಂದೇ ಮನೆ, ಅಷ್ಟು ಸಲಿಗೆ. ಗಂಡ ಹೆಂಡತಿ ಅಂದುಕೊಂಡೇ ನಾವು ನೋಡುತ್ತಿರುತ್ತೇವೆ. ಪೊಲೀಸರೂ ಹಾಗೇ ಅಂದುಕೊಳ್ಳುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಅವನು ಅಣ್ಣ. ಆನ್‌ಗೆ ಮದುವೆಯೇ ಆಗಿಲ್ಲ. 1965ರ ಚಿತ್ರ ಇದು ಅನ್ನುವುದನ್ನು ನೆನಪಿಡಿ. ಮದುವೆಯಾಗದೆ ತಾಯಿಯಾದ ಇಪ್ಪತ್ತರ ಹರೆಯದ ಹುಡುಗಿ ಹೇಳುವ ಮಾತಿಗೆ ಎಷ್ಟು ಬೆಲೆ ಇದ್ದೀತು? ಆ ಒಂದು ಉತ್ತರ ಹೊರಬಿದ್ದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಏನೋ ಸಣ್ಣದಾಗಿ ಬದಲಾಗುತ್ತದೆ, ಚಿತ್ರ ಅದನ್ನು ಎತ್ತಿ ತೋರಿಸದೆ ಮುಂದೆ ಹೋಗುತ್ತದೆ. ಆನ್ ಪಾತ್ರದ ಕ್ಯಾರಲ್ ಲಿನ್ಲೆಗೆ ಸಿಗಬೇಕಾದ ಮೆಚ್ಚುಗೆ ಸಿಗಲೇ ಇಲ್ಲ ಅನ್ನುವುದು ನನಗಿರುವ ಬೇಸರ. ಆಕೆ ಗೋಳಾಡುವುದಿಲ್ಲ. ಎದುರಿಗೆ ಕೂತ ಗಂಡಸರು ತನ್ನನ್ನು ಹುಚ್ಚಿ ಅಂದುಕೊಳ್ಳುತ್ತಿದ್ದಾರೆ ಅಂತ ಅರ್ಥವಾಗಿ, ಹುಚ್ಚಿಯ ಹಾಗೆ ಕಾಣಬಾರದು ಅಂತ ದನಿಯನ್ನು ಹಿಡಿದಿಟ್ಟುಕೊಂಡು ಮಾತಾಡುತ್ತಾಳಲ್ಲ, ಆ ದನಿ ಕೇಳಿ.

ಒಲಿವಿಯರ್ ವಿಷಯಕ್ಕೆ ಬರೋಣ. ಆಗ ಅವರು ಲಂಡನ್ನಿನ ನ್ಯಾಷನಲ್ ಥಿಯೇಟರ್‌ನ ಮುಖ್ಯಸ್ಥರು. ರಂಗದ ಮೇಲೆ ಶೇಕ್ಸ್‌ಪಿಯರ್‌ನ ಒಥೆಲೋ ಆಗಿ ಗುಡುಗುತ್ತಿದ್ದ ಕಾಲ ಅದು, ಆ ನಾಟಕದ ಚಿತ್ರರೂಪವೂ ಅದೇ 1965ರಲ್ಲಿ ಬಂತು. ಅಂಥ ನಟ ಇಲ್ಲಿ ದನಿ ಏರಿಸುವುದೇ ಇಲ್ಲ. ಕೇಳುತ್ತಾರೆ, ತಲೆಯಾಡಿಸುತ್ತಾರೆ, ಮತ್ತೊಂದು ಪ್ರಶ್ನೆ ಹಾಕುತ್ತಾರೆ. ಊಟ ಮಾಡಿಲ್ಲ ಅಂತ ಆನ್‌ಳನ್ನು ಪಬ್‌ಗೆ ಕರೆದುಕೊಂಡು ಹೋಗುವ ದೃಶ್ಯ ನೆನಪಿದೆಯಾ? ಅಲ್ಲಿನ ಟಿವಿಯಲ್ಲಿ ‘ದ ಜಾಂಬೀಸ್’ ತಂಡದ ಹುಡುಗರು ಹಾಡುತ್ತಿರುತ್ತಾರೆ. ಸುತ್ತ ಗದ್ದಲ, ಮಧ್ಯೆ ಈ ಹುಡುಗಿಯ ಜೀವನವೇ ಕೈಬಿಟ್ಟು ಹೋಗುತ್ತಿದೆ, ಎದುರಿಗೆ ಒಬ್ಬ ದಯೆಯುಳ್ಳ ಮನುಷ್ಯ. ಆ ದಯೆಯೇ ಹೆದರಿಸುತ್ತದೆ. ಅದು ತಾಯಿಗೆ ತೋರಿಸುವ ದಯೆಯಾ, ರೋಗಿಗೆ ತೋರಿಸುವ ದಯೆಯಾ ಅಂತ ಗೊತ್ತಾಗುವುದಿಲ್ಲ. ಇದನ್ನು ನೀವು ಕೆಲಸವೇ ಇಲ್ಲ ಅನ್ನುತ್ತೀರಿ. ನನಗಂತೂ ಒಲಿವಿಯರ್ ಸಿನಿಮಾದಲ್ಲಿ ಮಾಡಿದ ತೂಕದ ಕೆಲಸಗಳಲ್ಲಿ ಇದೂ ಒಂದು.

ಸಣ್ಣ ಪಾತ್ರಗಳೂ ಹಾಗೇ. ನೋಯಲ್ ಕವರ್ಡ್ ಮಾಡಿದ ಮನೆ ಮಾಲೀಕನ ಪಾತ್ರವಿದೆಯಲ್ಲ, ಕೈಯಲ್ಲೊಂದು ಪುಟ್ಟ ನಾಯಿ, ಮನೆಯಲ್ಲಿ ಮುಖವಾಡಗಳು, ಚಾಟಿ, ಬಾಯಿ ಬಿಟ್ಟರೆ ಹೊಲಸು ಮಾತು. ಶಾಲೆಯ ಮೇಲಿನ ಮಹಡಿಯಲ್ಲಿ ಒಂಟಿಯಾಗಿರುವ ಮುದುಕಿ ಮಿಸ್ ಫೋರ್ಡ್, ಆ ಪಾತ್ರದಲ್ಲಿ ಮಾರ್ಟಿಟಾ ಹಂಟ್. ಈಕೆ ಮಕ್ಕಳು ತಮ್ಮ ಕೆಟ್ಟ ಕನಸುಗಳನ್ನು ಹೇಳುವುದನ್ನು ಟೇಪ್‌ನಲ್ಲಿ ಹಿಡಿದಿಟ್ಟುಕೊಂಡಿದ್ದಾಳೆ. ಇವರೆಲ್ಲ ದಾರಿ ತಪ್ಪಿಸಲು ಇಟ್ಟ ಪಾತ್ರಗಳು ಅಂತ ಕೆಲವರು ತಳ್ಳಿಹಾಕುತ್ತಾರೆ. ಆದರೆ ಆನ್ ಸಣ್ಣವಳಿದ್ದಾಗ ಅವಳಿಗೆ ಬನಿ ಅನ್ನುವ ಕಲ್ಪನೆಯ ಗೆಳತಿ ಇದ್ದಳು ಅನ್ನುವ ಮಾತು ಪೊಲೀಸರಿಗೆ ಸಿಗುವುದು ಈ ಮಿಸ್ ಫೋರ್ಡ್ ಬಾಯಿಂದ. ಆಕೆಗೆ ಹೇಳಿದವನು ಸ್ಟೀವನ್. ಇಡೀ ಕೇಸು ಉಲ್ಟಾ ಹೊಡೆಯುವುದು ಅಲ್ಲಿಂದಲೇ.

ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಉಳಿದದ್ದನ್ನು ಓದಿ. ಇನ್ನು ಮುಂದೆ ಗುಟ್ಟೆಲ್ಲ ಹೊರಗೆ.

ಬೊಂಬೆ ರಿಪೇರಿ ಅಂಗಡಿಯ ದೃಶ್ಯವನ್ನು ನೀವು ಪತ್ರದಲ್ಲಿ ಎತ್ತಲೇ ಇಲ್ಲ, ನನಗೆ ಆಶ್ಚರ್ಯ. ಮಗಳ ಬೊಂಬೆ ರಿಪೇರಿಗೆ ಕೊಟ್ಟದ್ದು ಆನ್‌ಗೆ ತಟ್ಟನೆ ನೆನಪಾಗುತ್ತದೆ. ಚೀಟಿ ಅವಳ ಹತ್ತಿರವೇ ಇದೆ. ಮಗು ಇದೆ ಅನ್ನುವುದಕ್ಕೆ ಇಡೀ ಲಂಡನ್ನಿನಲ್ಲಿ ಉಳಿದ ಒಂದೇ ಸಾಕ್ಷಿ ಅದು. ರಾತ್ರಿ ಹೊತ್ತಿನಲ್ಲಿ ಅಂಗಡಿಗೆ ಹೋಗುತ್ತಾಳೆ. ಮುದುಕ ಅಂಗಡಿಯವನ ಪಾತ್ರದಲ್ಲಿ ಫಿನ್ಲೆ ಕರಿ. ಅವಳು ದೀಪ ಹಿಡಿದು ಬೊಂಬೆಗಳ ಸಾಲುಗಳ ಮಧ್ಯೆ ನಡೆಯುತ್ತಾಳೆ. ಬೆಳಕು ಒಂದೊಂದೇ ಮುಖದ ಮೇಲೆ ಬಿದ್ದು ದಾಟುತ್ತದೆ. ಎಲ್ಲಾ ಮಕ್ಕಳ ಮುಖಗಳೇ, ಆದರೆ ಒಂದೂ ಮಗುವಲ್ಲ. ಕೊನೆಗೆ ತನ್ನ ಮಗಳ ಬೊಂಬೆ ಸಿಕ್ಕಾಗ ಅವಳು ಅದನ್ನು ಎತ್ತಿಕೊಳ್ಳುವ ರೀತಿ ನೋಡಿದರೆ ಬೇರೆ ಸಾಕ್ಷಿಯೇ ಬೇಡ ಅನ್ನಿಸುತ್ತದೆ. ಅಷ್ಟರಲ್ಲಿ ಸ್ಟೀವನ್ ಬರುತ್ತಾನೆ. ಅಬ್ಬಾ, ಅಣ್ಣ ಬಂದ ಅಂತ ಸಮಾಧಾನ ಆಗುವ ಹೊತ್ತಿಗೆ ಅವನು ಆ ಬೊಂಬೆಗೆ ಬೆಂಕಿ ಹಚ್ಚುತ್ತಾನೆ.

ಚಿತ್ರ ಅಲ್ಲಿಗೇ ಎರಡಾಗಿ ಒಡೆಯುತ್ತದೆ ಅನ್ನುವುದು ನಿಮ್ಮ ದೂರು. ಗುಟ್ಟು ಹೊರಬಿದ್ದ ಮೇಲೂ ಕಥೆ ಉದ್ದಕ್ಕೆ ನಡೆಯುತ್ತದೆ, ಅಣ್ಣ ತಂಗಿ ರಾತ್ರಿಯಿಡೀ ಕಣ್ಣಾಮುಚ್ಚಾಲೆ ಆಡುತ್ತಾರೆ, ಉಯ್ಯಾಲೆ ಆಡುತ್ತಾರೆ, ಇದೇನು ಅಂತ ಅನ್ನಿಸುವುದು ಸಹಜ. ಸ್ಟೀವನ್ ಆಗಿ ಕೀರ್ ಡುಲಿಯ ನಟನೆ ಕೆಲವು ಕಡೆ ಸ್ವಲ್ಪ ಜಾಸ್ತಿಯೇ ಆಯಿತು, ಅಷ್ಟನ್ನು ಒಪ್ಪುತ್ತೇನೆ. ಆದರೆ ಆ ಭಾಗ ಚಿತ್ರಕ್ಕೆ ಅಂಟಿಸಿದ ಬಾಲ ಅಲ್ಲ. ಶುರುವಿನಿಂದಲೂ ಆನ್‌ಗೆ ಎಲ್ಲರೂ ಹೇಳುತ್ತಾ ಬಂದದ್ದು ಏನು? ನೀನು ಇನ್ನೂ ಮಗು, ಕಲ್ಪನೆಯಲ್ಲಿ ಬದುಕುವವಳು ಅಂತ. ಕೊನೆಗೆ ನೋಡಿದರೆ ಬೆಳೆಯದೆ ಉಳಿದವನು ಸ್ಟೀವನ್. ತಂಗಿಯ ಪ್ರೀತಿಯನ್ನು ಹಂಚಿಕೊಳ್ಳಲಾರದೆ ಅವಳ ಮಗಳನ್ನೇ ಕದ್ದು ಇಲ್ಲವಾಗಿಸಲು ಹೊರಟವನು. ಇಡೀ ಮನೆಯಲ್ಲಿ ಬುದ್ಧಿ ಸ್ಥಿಮಿತದಲ್ಲಿ ಇರುವವಳು ಆನ್ ಒಬ್ಬಳೇ, ಮತ್ತೆ ಆಕೆ ತನ್ನ ಮಗಳನ್ನು ಉಳಿಸಿಕೊಳ್ಳುವುದು ಎಲ್ಲರೂ ಯಾವುದನ್ನು ಹುಚ್ಚು ಅಂದಿದ್ದರೋ ಅದರಿಂದಲೇ, ಅಂದರೆ ಬಾಲ್ಯದ ಆಟಗಳಿಂದ. ಅವನಿಗೆ ಯಾವ ಆಟ ಇಷ್ಟ, ಯಾವ ಆಟದಲ್ಲಿ ಅವನಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ ಅನ್ನುವುದು ಅವಳಿಗೆ ಮಾತ್ರ ಗೊತ್ತು. ಪ್ರತಿ ಆಟವೂ ಮಗುವಿಗೆ ಇನ್ನಷ್ಟು ನಿಮಿಷ ಕೊಡುತ್ತದೆ. ಇಷ್ಟು ಹೊತ್ತು ಹಿಡಿತದಲ್ಲಿದ್ದ ಕ್ಯಾಮೆರಾ ಇಲ್ಲಿ ಅವರ ಜೊತೆ ಓಡಾಡುತ್ತದೆ, ಎಡವುತ್ತದೆ. ನಗುತ್ತಾ ಆಡುತ್ತಿರುವ ಆನ್ ಕಣ್ಣು ಮಾತ್ರ ಮಗುವಿನ ಕಡೆಗೇ ಇರುತ್ತದೆ.

ಮೂಲ ಕಾದಂಬರಿ ಈವ್ಲಿನ್ ಪೈಪರ್ ಅನ್ನುವ ಹೆಸರಿನಲ್ಲಿ ಮೆರಿಯಂ ಮೊಡೆಲ್ 1957ರಲ್ಲಿ ಬರೆದದ್ದು. ಅಲ್ಲಿ ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ, ತಪ್ಪಿತಸ್ಥರೂ ಬೇರೆ. ಚಿತ್ರಕಥೆ ಬರೆದ ಜಾನ್ ಮತ್ತು ಪೆನೆಲೊಪಿ ಮಾರ್ಟಿಮರ್ ದಂಪತಿ ಕಥೆಯನ್ನು ಲಂಡನ್ನಿಗೆ ತಂದರು. ಕೊನೆಯನ್ನು ಬದಲಿಸಿದ್ದು ಸುಮ್ನೆ ಚಮತ್ಕಾರಕ್ಕಲ್ಲ ಅಂತ ನನಗನ್ನಿಸುತ್ತದೆ. ಹೊರಗಿನವರು ಯಾರೋ ಮಗುವನ್ನು ಕದ್ದರು ಅಂದಿದ್ದರೆ ಕಥೆ ಪತ್ತೇದಾರಿಯಲ್ಲೇ ಮುಗಿಯುತ್ತಿತ್ತು. ನಂಬಿದವನೇ ಕದ್ದ ಅಂದಾಗ ಹಿಂದಿನ ಪ್ರತಿ ದೃಶ್ಯವೂ ಬೇರೆಯಾಗಿ ಕಾಣಲು ಶುರುವಾಗುತ್ತದೆ. ಆ ಸ್ನಾನದ ಕೋಣೆಯ ದೃಶ್ಯ, ಅವನು ಟಬ್ಬಿನಲ್ಲಿ, ಅವಳು ಪಕ್ಕದಲ್ಲಿ ಕೂತು ಮಾತಾಡುವುದು. ಮೊದಲ ಸಲ ಅದು ಸಲಿಗೆ. ಎರಡನೇ ಸಲ ನೋಡುವಾಗ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಜನ ಯಾಕೆ ಮರೆತರು? ಹಿಚ್‌ಕಾಕ್‌ನ ‘ಸೈಕೋ’ ಬಂದು ಐದೇ ವರ್ಷ ಆಗಿತ್ತು. ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಅನ್ನುವ ಅದರ ಪ್ರಚಾರವನ್ನೇ ಇದಕ್ಕೂ ಮಾಡಿದರು. ಹಾಗಾಗಿ ಹೋದವರೆಲ್ಲ ಇನ್ನೊಂದು ‘ಸೈಕೋ’ ಹುಡುಕಿಕೊಂಡು ಹೋದರು. ಇಲ್ಲಿ ಸಿಕ್ಕಿದ್ದು ಬೇರೆ ಜಾತಿಯ ಭಯ. ಇನ್ನೊಂದು ಕಾರಣ ಪ್ರೆಮಿಂಜರ್‌ನ ಆಗಿನ ಹೆಸರು. ಆ ವರ್ಷಗಳಲ್ಲಿ ಆತ ‘ಎಕ್ಸೋಡಸ್’, ‘ದ ಕಾರ್ಡಿನಲ್’ನಂಥ ದೊಡ್ಡ ದೊಡ್ಡ ಚಿತ್ರಗಳ ನಿರ್ದೇಶಕ. ಅವುಗಳ ನಡುವೆ ಒಂದು ಕಪ್ಪು ಬಿಳುಪು ಚಿತ್ರ, ಕಾಣೆಯಾದ ಮಗು, ಒಂದೇ ದಿನದ ಕಥೆ. ಬಿಡುವಿನ ವೇಳೆಯಲ್ಲಿ ಮಾಡಿದ್ದು ಅಂತ ಬದಿಗಿಟ್ಟರು. ಇದು ನನ್ನ ಊಹೆ, ಆದರೆ ಕೊನೆಯ ಭಾಗ ಚೆನ್ನಾಗಿಲ್ಲ ಅನ್ನುವುದಕ್ಕಿಂತ ಈ ಕಾರಣಗಳೇ ಹೆಚ್ಚು ಅಂತ ನನಗನ್ನಿಸುತ್ತದೆ. ಸಾಲ್ ಬ್ಯಾಸ್ ಮಾಡಿದ ಟೈಟಲ್ಲುಗಳಾದರೂ ಈಗ ಸಾಕಷ್ಟು ಜನರಿಗೆ ಗೊತ್ತು. ಒಂದು ಕೈ ಕಪ್ಪು ಕಾಗದವನ್ನು ಪರ್ ಅಂತ ಹರಿಯುತ್ತದೆ, ಹರಿದ ಜಾಗದಲ್ಲಿ ಹೆಸರುಗಳು ಕಾಣುತ್ತವೆ. ಟೈಟಲ್ಲಿನ ಮೇಲೆ ಇಷ್ಟು ಪ್ರೀತಿ ಇಟ್ಟವರು ಮುಂದಿನ ನೂರು ನಿಮಿಷವನ್ನೂ ನೋಡಲಿ ಅಂತ ನನ್ನ ಆಸೆ.

ಇನ್ನೊಮ್ಮೆ ನೋಡುವುದಕ್ಕೆ ಏನಿದೆ ಅಂತ ಕೇಳಿದಿರಲ್ಲ. ನ್ಯೂಹೌಸ್ ಕೊನೆಗೆ ಸತ್ಯ ಹಿಡಿಯುವುದು ಹೇಗೆ ಹೇಳಿ? ಬಂದೂಕಿಲ್ಲ, ಬೆನ್ನಟ್ಟುವುದಿಲ್ಲ. ಆನ್ ಮತ್ತು ಮಗು ಬಂದ ಹಡಗಿನ ಹೆಸರನ್ನು ಸ್ಟೀವನ್ ಸುಳ್ಳು ಹೇಳಿದ್ದ ಅನ್ನುವುದು ಗೊತ್ತಾಗುತ್ತದೆ. ಅಷ್ಟೇ. ಆ ಪೊಲೀಸ್ ಅಧಿಕಾರಿ ತಾಯಿಯನ್ನು ಅನುಮಾನಿಸುತ್ತಿದ್ದಾಗಲೂ ಅವಳ ಪರವಾಗಿರಬಹುದಾದ ಸಾಕ್ಷಿಯನ್ನು ಹುಡುಕುವುದನ್ನು ಬಿಟ್ಟಿರಲಿಲ್ಲ. ಒಲಿವಿಯರ್‌ಗೆ ಇದ್ದ ಕೆಲಸ ಅದೇ. ಈ ಸಲ ನೋಡುವಾಗ ಸ್ಟೀವನ್‌ನ ಮುಖ ಬಿಟ್ಟು ಅವನ ಮಾತಿಗೆ ಕಿವಿಕೊಡಿ. ತಂಗಿಯ ಪರವಾಗಿ ಶಾಲೆಯವರ ಮೇಲೆ, ಪೊಲೀಸರ ಮೇಲೆ ಕೂಗಾಡುತ್ತಾನಲ್ಲ, ಆ ಕೂಗಾಟದ ನಡುವೆ ಅವಳ ಮೇಲೆ ಅನುಮಾನ ಬರುವಂಥ ಮಾತುಗಳನ್ನು ಎಲ್ಲೆಲ್ಲಿ ಬಿಡುತ್ತಾ ಹೋಗುತ್ತಾನೆ ಅಂತ ಗುರುತು ಹಾಕಿಕೊಳ್ಳಿ. ನಿಮಗೆ ಎಷ್ಟು ಸಿಕ್ಕವು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.