ಚಾಕು ಅದ್ದದ ಹುಡುಗ

ಶಿವಮೊಗ್ಗದ ನನ್ನ ಆಪ್ತಸಲಹೆಯ ಕೊಠಡಿಗೆ ಕೆಲವು ವರ್ಷಗಳಿಂದ ಒಂದೇ ಬಗೆಯ ಸಂಕಟ ಹೊತ್ತ ಯುವಕ ಯುವತಿಯರು ಬರುತ್ತಿದ್ದಾರೆ. ಬೆಂಗಳೂರಿನ ಕಂಪನಿ, ಮಲೆನಾಡಿನ ಮನೆ, ಜಗುಲಿಯ ಮೇಲೊಂದು ಲ್ಯಾಪ್‌ಟಾಪ್. ‘ಕೆಲಸ ನಡೆಯುತ್ತಿದೆ, ಆದರೆ ನನಗೆ ಏನೂ ಬರುವುದಿಲ್ಲ’ ಎನ್ನುತ್ತಾರೆ. ಅವರಲ್ಲಿ ಒಬ್ಬನ ವಿಷಯವನ್ನು, ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮಗ, ವಯಸ್ಸು 25. ಹೊಸ ಕೆಲಸಕ್ಕಾಗಿ ರಿಯಾಕ್ಟ್ ಎಂಬ, ವೆಬ್ ಪುಟ ಕಟ್ಟುವ ತಂತ್ರಾಂಶ ಸಾಧನ ಕಲಿಯಬೇಕಾಯಿತು. ಕೈಗೆ ಸಿಕ್ಕ ಪುಸ್ತಕ ಹಳೆಯದು. 2019ರಲ್ಲಿ ಬಂದ ಹುಕ್ಸ್ ಎಂಬ, ರಿಯಾಕ್ಟ್‌ನಲ್ಲಿ ಕೋಡ್ ಬರೆಯುವ ಹೊಸ ಕ್ರಮದ ಸುಳಿವೇ ಅದರಲ್ಲಿರಲಿಲ್ಲ, ಆತನ ತಂಡ ಬರೆಯುತ್ತಿದ್ದುದೆಲ್ಲ ಹುಕ್ಸ್‌ನಲ್ಲೇ. ನಲವತ್ತು ಪುಟಕ್ಕೆ ಪುಸ್ತಕ ಅಟ್ಟ ಸೇರಿತು. ಮುಂದೆ ಅಂತರ್ಜಾಲದ ಪ್ರಶ್ನೋತ್ತರ ವೇದಿಕೆಗಳೇ ಗುರು. ಒಂದು ದಿನ ಸಭೆಯಲ್ಲಿ ಹಿರಿಯರೊಬ್ಬರು ಆತನ ಕೋಡ್‌ನ ಒಂದು ಸಾಲು ತೋರಿಸಿ, ‘ಇಲ್ಲಿ ಖಾಲಿ ಆವರಣ [ ] ಏಕೆ?’ ಎಂದರು. ಆತನಿಗೆ ಬಾಯಿ ಕಟ್ಟಿತು. ಅಂದಿನಿಂದ ನಿದ್ದೆ ಇಲ್ಲ.

ಮೂರನೆಯ ಭೇಟಿಯಲ್ಲಿ ನಾನು, ‘ಆ ಸಾಲನ್ನು ನನಗೆ ಕನ್ನಡದಲ್ಲಿ ಹೇಳಿ. ಕಂಪ್ಯೂಟರ್ ನನಗೆ ತಿಳಿಯದ ವಿದ್ಯೆ’ ಎಂದೆ. ಆತ ನಿಧಾನವಾಗಿ ಹೇಳಿದ: ಪುಟ ಮೂಡಿದ ಮೇಲೆ ಒಂದು ಕೆಲಸ ಓಡುತ್ತದೆ. ಅದು ಮಾಹಿತಿಯನ್ನು ಬದಲಿಸುತ್ತದೆ. ಮಾಹಿತಿ ಬದಲಾದರೆ ಪುಟ ಮತ್ತೆ ಮೂಡುತ್ತದೆ, ಕೆಲಸ ಮತ್ತೆ ಓಡುತ್ತದೆ. ಗಾಣದೆತ್ತಿನ ಸುತ್ತು. ಕೊನೆಯಲ್ಲಿ ಖಾಲಿ ಚೌಕ ಆವರಣ ಹಾಕಿದರೆ ನಿಲ್ಲುತ್ತದೆ.

‘ಏಕೆ ನಿಲ್ಲುತ್ತದೆ?’

‘ಹಾಕಿ ಎಂದು ಯಾರೋ ಬರೆದಿದ್ದರು ಮೇಡಂ. ಹಾಕಿದೆ, ನಿಂತಿತು.’

ತಲೆ ತಗ್ಗಿಸಿದ. ನಾನು ಮಾತು ಬದಲಿಸಿದೆ. ಮಳೆಗಾಲ ಹತ್ತಿರವಿತ್ತು, ತೋಟಕ್ಕೆ ಔಷಧಿ ಹೊಡೆದಾಯಿತೇ ಎಂದು ಕೇಳಿದೆ. ಆತನ ದನಿಯೇ ಬೇರೆಯಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ‘ಆಮೇಲೆ ಅಪ್ಪ ಚಾಕು ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ತಾಮ್ರ ಅಂಟಿದೆ, ಸುಣ್ಣ ಸಾಲದು ಎಂದರ್ಥ.’

‘ಅಳತೆ ಸರಿಯಿದ್ದ ಮೇಲೂ ಅದ್ದುವುದೇಕೆ?’

‘ಸುಣ್ಣ ಪ್ರತಿ ಸಲ ಒಂದೇ ತರಹ ಇರುವುದಿಲ್ಲವಲ್ಲ.’

ಇಷ್ಟು ಹೇಳಿ ಸುಮ್ಮನಾದ. ಬಹಳ ಹೊತ್ತಿನ ಮೇಲೆ ತಾನೇ ಅಂದ: ‘ನಾನು ಚಾಕು ಅದ್ದಿಯೇ ಇಲ್ಲ.’

ನಾನು ಕೊಟ್ಟ ಸಲಹೆ ಹೀಗಿತ್ತು. ಬೆಳಿಗ್ಗೆ ಒಂದು ಗಂಟೆ, ಮೊಬೈಲ್ ಮುಟ್ಟುವ ಮೊದಲು, ಹೊಸ ಆವೃತ್ತಿಯ ಪುಸ್ತಕವನ್ನೋ ರಿಯಾಕ್ಟ್‌ನ ಅಧಿಕೃತ ಕೈಪಿಡಿಯನ್ನೋ ಮೊದಲಿನಿಂದ ಓದುವುದು. ಓದಿದ್ದನ್ನು ಕನ್ನಡದಲ್ಲಿ ಟಿಪ್ಪಣಿ ಮಾಡುವುದು. ವೇದಿಕೆಯ ಉತ್ತರ ಬಳಸಬಹುದು, ಆದರೆ ಅಂಟಿಸಿದ ಸಾಲನ್ನು ಒಮ್ಮೆ ಬೇಕೆಂದೇ ತೆಗೆದು, ಏನು ಕೆಡುತ್ತದೆ ಎಂದು ನೋಡಬೇಕು.

ಸಾಫ್ಟ್‌ವೇರ್‌ನಲ್ಲಿರುವ ಗೆಳತಿಯೊಬ್ಬಳು ಇದನ್ನು ಒಪ್ಪಲಿಲ್ಲ. ಮುದ್ರಣವಾಗುವಷ್ಟರಲ್ಲಿ ಪುಸ್ತಕ ಹಳತಾಗುತ್ತದೆ, ಗಡುವಿನ ನಡುವೆ ಯಾರು ಓದುತ್ತಾರೆ ಎಂದಳು. ಅವಳ ಮಾತಿನಲ್ಲಿ ನಿಜವಿದೆ, ಆತನ ಪುಸ್ತಕವೇ ಸಾಕ್ಷಿ. ಆದರೂ ನಾನು ಸಲಹೆ ಬದಲಿಸಲಿಲ್ಲ. ಮಾಹಿತಿ ಬದಲಾದರೆ ಪುಟ ಮತ್ತೆ ಮೂಡುತ್ತದೆ ಎಂಬ ಮೂಲ ಮಾತು ಅಟ್ಟ ಸೇರಿದ ಆ ಪುಸ್ತಕದಲ್ಲೂ ಇತ್ತು. ರಿಯಾಕ್ಟ್ ಹೊರಬಂದ 2013ರಿಂದಲೂ ಅದು ಹಾಗೆಯೇ ಇದೆ. ಬಿಡುವು ಮಾಡಿಕೊಂಡು ಉಚಿತವಾಗಿ ಉತ್ತರ ಬರೆಯುವವರ ಮೇಲೆ ನನಗೆ ಗೌರವವಿದೆ. ಆದರೆ ಆ ಉತ್ತರ ಇನ್ಯಾರದೋ ತೊಡಕಿಗೆ ಬರೆದದ್ದು. ಓದುವವನಿಗೆ ಎಲ್ಲಿಯವರೆಗೆ ತಿಳಿದಿದೆ ಎಂಬುದು ಬರೆದವರಿಗೆ ಗೊತ್ತಿರುವುದಿಲ್ಲ. ಅಲ್ಲದೆ ಆತ ನನ್ನ ಬಳಿ ಬಂದದ್ದು ಗಡುವು ಮುಟ್ಟಲಾಗದೆ ಅಲ್ಲ, ಕಳ್ಳತನ ಮಾಡಿದವನಂತೆ ರಾತ್ರಿಯಿಡೀ ಎದ್ದು ಕೂರುತ್ತಿದ್ದುದರಿಂದ.

ಆರನೆಯ ಭೇಟಿಗೆ ನೋಟ್‌ಬುಕ್ ತಂದಿದ್ದ. ಖಾಲಿ ಆವರಣವೆಂದರೆ ಮೊದಲ ಸಲ ಮಾತ್ರ ಓಡು ಎಂದಂತೆ. ಹಾಗಾಗಿ ಗ್ರಾಹಕ ಬದಲಾದರೂ ಪುಟದಲ್ಲಿ ಹಿಂದಿನವನ ಮಾಹಿತಿಯೇ ಉಳಿಯುತ್ತಿತ್ತು. ಆವರಣದೊಳಗೆ ಗ್ರಾಹಕನ ಸಂಖ್ಯೆ ಇರಬೇಕಿತ್ತು, ಆಗ ಅದು ಬದಲಾದಾಗಲೆಲ್ಲ ಕೆಲಸ ಮತ್ತೆ ಓಡುತ್ತಿತ್ತು. ಇದನ್ನು ತಾನೇ ಕಂಡುಕೊಂಡು, ಆ ಹಿರಿಯರಿಗೆ ತಾನೇ ಬರೆದು ತಿಳಿಸಿದ್ದ. ನಿದ್ದೆ ಈಗಲೂ ವಾರಕ್ಕೆರಡು ರಾತ್ರಿ ಕೈಕೊಡುತ್ತದೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಾನೆ.