ದೊಡ್ಡ ನೌಕಾಪಡೆಯಿಲ್ಲದ ದೇಶ ಸಮುದ್ರದಿಂದ ಬರುವ ದಾಳಿಯನ್ನು ತಡೆಯಬಹುದೇ?

ಶತ್ರುವಿನ ಹತ್ತಿರ ಭಾರೀ ಯುದ್ಧನೌಕೆಗಳಿದ್ದು ನಮ್ಮ ಹತ್ತಿರ ಇಲ್ಲದಿದ್ದರೆ, ಸಮುದ್ರದ ಕಡೆಯಿಂದ ದಂಡೆತ್ತಿ ಬಂದವರನ್ನು ತಡೆಯುವುದು ಹೇಗೆ ಅಂತ ಕೇಳಿದ್ದೀರಿ. ತಡೆಯಬಹುದು. 1915ರಲ್ಲಿ ತುರ್ಕರು ಡಾರ್ಡನೆಲ್ಸ್ ಜಲಸಂಧಿಯಲ್ಲಿ ತಡೆದು ತೋರಿಸಿದ್ದಾರೆ.

ಮೊದಲ ಮಹಾಯುದ್ಧದ ಕಾಲ. ಬ್ರಿಟನ್, ಫ್ರಾನ್ಸ್ ಎರಡಕ್ಕೂ ಆ ಜಲಸಂಧಿ ದಾಟಿ ಇಸ್ತಾಂಬುಲ್ ಮುಟ್ಟಬೇಕಿತ್ತು. ಚನಕ್ಕಲೆ ಊರಿನ ಹತ್ತಿರ ಅದರ ಅಗಲ ಬರೀ ಒಂದೂಕಾಲು ಕಿಲೋಮೀಟರು. ಅಲ್ಲಿಗೆ ಹೋಗುವ ದಾರಿಯಲ್ಲಿ ತುರ್ಕರು ನೀರಿನಡಿ ಮುನ್ನೂರಕ್ಕೂ ಹೆಚ್ಚು ಮೈನುಗಳನ್ನು, ಅಂದರೆ ಹಡಗು ತಗುಲಿದರೆ ಸಿಡಿಯುವ ಬಾಂಬುಗಳನ್ನು, ಅಡ್ಡಡ್ಡ ಸಾಲುಗಳಲ್ಲಿ ಕಟ್ಟಿ ಇಳಿಬಿಟ್ಟಿದ್ದರು.

ಬರೀ ಮೈನು ಹಾಕಿ ಕೂತರೆ ಶತ್ರು ಒಂದೊಂದಾಗಿ ಎತ್ತಿ ಹಾಕುತ್ತಾನೆ. ಆದ್ದರಿಂದ ದಡದ ಗುಡ್ಡಗಳ ಹಿಂದೆ, ಗುಡ್ಡದ ಮೇಲಿಂದ ಹಾಯಿಸಿ ಗುಂಡು ಎಸೆಯಬಲ್ಲ ಹೊವಿಟ್ಜರ್ ತೋಪುಗಳನ್ನು ಅಡಗಿಸಿಟ್ಟರು, ಜಾಗ ಬದಲಿಸುತ್ತಾ ಹೋದರು. ಮೈನು ತೆಗೆಯಲು ಬಂದವರ ಮೇಲೆ ಆ ತೋಪುಗಳು ಗುಂಡು ಸುರಿಸಿದವು. ಆ ತೋಪುಗಳ ಬಾಯಿ ಮುಚ್ಚಿಸೋಣವೆಂದರೆ ಯುದ್ಧನೌಕೆಗಳು ಹತ್ತಿರ ಬರಬೇಕು, ಹತ್ತಿರ ಬರಲು ಮೈನುಗಳು ಬಿಡುವುದಿಲ್ಲ. ತೋಪು ಮೈನನ್ನು ಕಾಯ್ದಿತು, ಮೈನು ತೋಪನ್ನು ಕಾಯ್ದಿತು. ಇಡೀ ರಕ್ಷಣೆಯ ಜೀವಾಳ ಇದೇ.

ಮೈನು ತೆಗೆಯಲು ಬ್ರಿಟಿಷರು ಕಳಿಸಿದ್ದು ಮೀನುಗಾರಿಕೆಯ ಟ್ರಾಲ್ ಬೋಟುಗಳನ್ನು, ಅವುಗಳಲ್ಲಿದ್ದವರು ಮೀನುಗಾರರೇ. ನಾನು ಮಲ್ಪೆಯವನು. ಎದುರು ಸೆಳೆತದಲ್ಲಿ ಹಿಂದೆ ಭಾರ ಎಳೆದುಕೊಂಡು ಬೋಟು ಎಷ್ಟು ತೆವಳುತ್ತದೆ ಅಂತ ಕಡಲಿಗೆ ಹೋಗುವ ಯಾರನ್ನು ಕೇಳಿದರೂ ಹೇಳುತ್ತಾರೆ. ರಾತ್ರಿ, ಕಣ್ಣು ಕುಕ್ಕುವ ಸರ್ಚ್‌ಲೈಟು, ಮೇಲಿಂದ ಗುಂಡು. ಆ ಜನರ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಸಂಗತಿ. ಗುಂಡು ಹಾರಿಸಿ ಹಿಂತಿರುಗುವ ಹಡಗುಗಳು ಜಲಸಂಧಿಯೊಳಗಿನ ಎರೆನ್‌ಕೋಯ್ ಕೊಲ್ಲಿಯಲ್ಲೇ ತಿರುಗುತ್ತವೆ ಅನ್ನುವುದನ್ನು ತುರ್ಕರು ದಡದಿಂದ ಗಮನಿಸಿದ್ದರು. ಮಾರ್ಚ್ 8ರ ನಸುಕಿನಲ್ಲಿ ನುಸ್ರೆತ್ ಎಂಬ ಪುಟ್ಟ ಹಡಗು ಸದ್ದಿಲ್ಲದೆ ಹೋಗಿ ಅಲ್ಲಿ 26 ಮೈನು ಬಿಟ್ಟು ಬಂತು, ಈ ಸಲ ದಡಕ್ಕೆ ಸಮಾನಾಂತರವಾಗಿ. ಅಲ್ಲೊಂದು ಮೈನಿನ ಸಾಲೇ ಇದೆ ಅನ್ನುವುದು ಶತ್ರುವಿಗೆ ತಿಳಿಯಲಿಲ್ಲ. ಮಾರ್ಚ್ 18ರಂದು ಫ್ರೆಂಚರ ಯುದ್ಧನೌಕೆ ಬೂವೆ ತಿರುಗುವಾಗ ಮೈನಿಗೆ ತಗುಲಿ ಎರಡೇ ನಿಮಿಷದಲ್ಲಿ ಮುಳುಗಿತು, ಆರುನೂರಕ್ಕೂ ಹೆಚ್ಚು ಜನ ಸತ್ತರು. ಬ್ರಿಟಿಷರ ಇರೆಸಿಸ್ಟಿಬಲ್, ಓಷನ್ ಎರಡೂ ಮುಳುಗಿದವು. ಇನ್‌ಫ್ಲೆಕ್ಸಿಬಲ್ ಜಖಂಗೊಂಡಿತು. ಮತ್ತೆ ಬರೀ ಹಡಗುಗಳಿಂದ ನುಗ್ಗುವ ಧೈರ್ಯ ಅವರು ಮಾಡಲಿಲ್ಲ.

ಇದು ಹಳೆ ಕಾಲದ ಮಾತು ಅನ್ನಬೇಡಿ. 1950ರಲ್ಲಿ ಉತ್ತರ ಕೊರಿಯಾದವರು ವೊನ್ಸಾನ್ ಬಂದರಿನ ಮುಂದೆ ಮೂರು ಸಾವಿರದಷ್ಟು ಮೈನು ಹಾಕಿ ಅಮೆರಿಕದ ಸೇನೆಯನ್ನು ದಿನಗಟ್ಟಲೆ ಕಡಲಲ್ಲೇ ಕಾಯಿಸಿದರು.

ಆದರೆ ಮೈನು ಕೊಡುವುದು ಸಮಯವನ್ನಷ್ಟೇ. ಡಾರ್ಡನೆಲ್ಸ್‌ನಲ್ಲಿ ಸಿಕ್ಕಿದ್ದು ಐದು ವಾರ. ಅಷ್ಟರೊಳಗೆ ತುರ್ಕರು ಹೊಸದಾಗಿ ಐದನೇ ಸೇನೆ ಕಟ್ಟಿ, ಜರ್ಮನ್ ಸೇನಾನಿ ಲಿಮಾನ್ ಫಾನ್ ಸ್ಯಾಂಡರ್ಸ್ ಕೈಗೆ ಕೊಟ್ಟರು. ಏಪ್ರಿಲ್ 25ರಂದು ಶತ್ರು ಜಲಸಂಧಿಯ ಪಕ್ಕದ ಗಲ್ಲಿಪೊಲಿಯ ದಡದಲ್ಲಿ ಸೈನ್ಯ ಇಳಿಸಿದಾಗ ಆ ಸೇನೆ ಎದುರು ನಿಂತಿತು. 1916ರ ಜನವರಿಯಲ್ಲಿ ಬಂದವರು ಉಳಿದವರನ್ನೂ ಹಡಗು ಹತ್ತಿಸಿಕೊಂಡು ವಾಪಸ್ ಹೋದರು.