ಮೂಗಿನ ಗೂನು ತೆಗೆಯಲು ಮೂಳೆ ಏಕೆ ಕತ್ತರಿಸಬೇಕು? ಅರದಿಂದ ಉಜ್ಜಿದರೆ ಸಾಲದೇ?

ಗೂನು ಒಂದೆರಡು ಮಿಲಿಮೀಟರ್ ಇದ್ದರೆ ಉಜ್ಜುವುದೇ ಸಾಕಾಗಬಹುದು. ಅದಕ್ಕಿಂತ ದೊಡ್ಡದಾದರೆ ಸಾಮಾನ್ಯವಾಗಿ ಪಕ್ಕದ ಮೂಳೆಗಳನ್ನೂ ಕತ್ತರಿಸಿ ಒಳಕ್ಕೆ ಸರಿಸಬೇಕಾಗುತ್ತದೆ.

ಮೂಗಿನ ಬೆನ್ನು ಹೆಂಚಿನ ಮನೆಯ ಸೂರಿನಂತೆ: ಎರಡು ಇಳಿಜಾರು, ನಡುವೆ ಗೋಡೆ. ಮೇಲಿನ ಏಣು ಹೆರೆದರೆ ಸೂರು ತೆರೆದುಕೊಳ್ಳುತ್ತದೆ, ಎದುರಿನಿಂದ ಮೂಗು ಅಗಲವಾಗಿ, ಚಪ್ಪಟೆಯಾಗಿ ಕಾಣುತ್ತದೆ. ಆ ತೆರೆದ ಜಾಗ ಮುಚ್ಚಲೆಂದೇ ಪಕ್ಕದ ಮೂಳೆ ಕತ್ತರಿಸುವುದು.

ಆದರೆ ಗೂನೆಲ್ಲ ಮೂಳೆಯಲ್ಲ. ಕೆಳಭಾಗ ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಇದನ್ನು ಅತಿಯಾಗಿ ಕತ್ತರಿಸಿದರೆ ಮೂಗಿನ ನಡುಭಾಗ ಕುಸಿದು ಉಸಿರಿನ ದಾರಿ ಕಿರಿದಾಗುತ್ತದೆ. ಅದನ್ನು ತಡೆಯಲು ಮೂಗಿನ ನಡುಗೋಡೆಯಿಂದಲೇ ತೆಗೆದ ಮೃದ್ವಸ್ಥಿಯ ತೆಳುಪಟ್ಟಿಗಳನ್ನು ಎರಡೂ ಬದಿಗೆ ಇಟ್ಟು ಹೊಲಿಯುತ್ತಾರೆ. ಉಸಿರಾಟ ಪರೀಕ್ಷಿಸದೆ ಬರೀ ಫೋಟೊ ತೋರಿಸಿ ಒಪ್ಪಿಸುವವರ ಬಳಿ ದಯವಿಟ್ಟು ಹೋಗಬೇಡಿ.

ಮೂಳೆ ಮತ್ತು ಮೃದ್ವಸ್ಥಿ ಕೂಡುವಲ್ಲಿ ಚರ್ಮ ತೀರಾ ತೆಳು. ಆದ್ದರಿಂದ ಒಳಗೆ ತುಸು ಉಬ್ಬು ಉಳಿಸಿದರೇ ಹೊರಗೆ ನೇರ ಕಾಣುವುದು.

ಶಸ್ತ್ರಚಿಕಿತ್ಸೆಯ ನಂತರ ಮೂಗಿನ ಹೊರಗೆ ಆಸರೆಗೆ ಹಾಕುವ ಪಟ್ಟಿ ಸುಮಾರು ಒಂದು ವಾರ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಮಾಡಿಸುವವರು ಅದನ್ನು ತೆಗೆಸುವ ಪ್ರಯಾಣವನ್ನೂ ಮೊದಲೇ ಲೆಕ್ಕ ಹಾಕಿ. ಬೈಕ್ ಬೇಡ, ಮುಖ ಮುಚ್ಚುವ ಹೆಲ್ಮೆಟ್ ಮೂಗನ್ನು ಒತ್ತುತ್ತದೆ. ಮೂಗಿನ ಮೇಲೆ ಕೂರುವ ಕನ್ನಡಕವನ್ನು 4ರಿಂದ 6 ವಾರ ದೂರವಿಡಿ. ಊತ ಬಹುಪಾಲು ಬೇಗ ಇಳಿದರೂ ಅಂತಿಮ ಆಕಾರಕ್ಕೆ ಒಂದು ವರ್ಷ ಹಿಡಿಯುತ್ತದೆ.